ಮನೆಗೆ ಬಂದ ದನಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಸಾಧಾರಣ ಹಳ್ಳಿ. ಎಂಟು ಒಂಬತ್ತು ಶತಮಾನಗಳ ಹಿಂದೆ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ, ವಿದ್ಯೆಗೂ ವ್ಯಾಪಾರಕ್ಕೂ ಶಿಲ್ಪಕ್ಕೂ ಹೆಸರಾಗಿದ್ದ ಪಟ್ಟಣ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವನ್ನು ೧೧೬೨ನೆಯ ಇಸವಿಯ ಶಾಸನವೊಂದು ವಿಸ್ತಾರವಾಗಿ ವರ್ಣಿಸುತ್ತದೆ. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿತ್ತು. ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ಇವೆಲ್ಲ ಅಂದಿನ ದೊಡ್ಡ ಮಠಗಳಲ್ಲಿ ನಿರೀಕ್ಷಿಸಬಹುದಾದ ಸಂಗತಿಗಳೇ. ಆದರೆ ಅಲ್ಲಿ ಅನ್ನ ಪಡೆಯುತ್ತಿದ್ದವರ ಪಟ್ಟಿಯನ್ನು ಓದುವಾಗ ಕಣ್ಣು ಒಂದೆಡೆ ತಡೆದು ನಿಲ್ಲುತ್ತದೆ. ದೀನರು, ಅನಾಥರು, ಕಣ್ಣು ಕಾಣದವರು, ಕಿವಿ ಕೇಳದವರು ಇವರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಬರುತ್ತಾರೆ. ಕಲೆಯನ್ನು ಕೇಳುವ ಕಿವಿಯಿದ್ದರೆ ಸಾಲದು, ಕಲಾವಿದನ ಹೊಟ್ಟೆಯನ್ನು ನೋಡುವ ಕಣ್ಣೂ ಬೇಕೆಂಬುದನ್ನು ಆ ಮಠದವರು ಬಲ್ಲವರಾಗಿದ್ದರು.

ಅದೇ ಬಳ್ಳಿಗಾವಿಯಲ್ಲಿ, ಅಲ್ಲಿಂದ ದೂರವಲ್ಲದ ಸೊರಬದ ಅಡಕೆ ತೋಟಗಳ ನಡುವಣ ಒಂಟಿ ಮನೆಗಳಲ್ಲಿ, ಇಂದು ಹಾಡುಗಾರನಾಗಲಿ ಕಥೆಗಾರನಾಗಲಿ ಬರುವುದನ್ನು ಕಾಯಬೇಕಾಗಿಲ್ಲ. ಅಂಗೈಯಷ್ಟಗಲದ ಮೊಬೈಲಿನಲ್ಲಿ ಧಾರವಾಡದ ಖಯಾಲು, ಉಡುಪಿಯ ಯಕ್ಷಗಾನ, ಮೈಸೂರಿನ ವೀಣೆ, ಯಾವುದೋ ಊರಿನ ಹರಿಕಥೆ ಬೇಕೆಂದಾಗ ಕೇಳಿಸುತ್ತವೆ. ಇದನ್ನು ಕುರಿತು ಹಿರಿಯರಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ಯಂತ್ರದಿಂದ ಕಲೆ ಕೆಟ್ಟಿತು, ಜನ ಮನೆಯಲ್ಲೇ ಕುಳಿತುಬಿಟ್ಟರು, ಬಯಲು ಬರಿದಾಯಿತು ಎಂಬುದು ಅವರ ಮಾತು. ಕಿರಿಯರು ಇದಕ್ಕೆ ಪ್ರತಿಯಾಗಿ, ಬೇಕಾದುದೆಲ್ಲ ಕೈಯಲ್ಲೇ ಇರುವಾಗ ರಾತ್ರಿಯೆಲ್ಲ ನಿದ್ದೆಗೆಟ್ಟು ಬಯಲಿನಲ್ಲಿ ಕೂರುವುದೇತಕ್ಕೆ ಎಂದು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಮನೆಯಲ್ಲಿ ಕೇಳುವುದು ತಪ್ಪಲ್ಲ; ಕೇಳುವ ಬಗೆಯಲ್ಲಿ ತಪ್ಪಿರಬಹುದು.

ಮೊದಲಿಗೆ, ಕಲೆ ಮನೆಗೆ ಬರುವುದು ಹೊಸ ಸಂಗತಿಯೇನೂ ಅಲ್ಲ. ಮಲೆನಾಡಿನ ಸೊರಬ, ಸಾಗರ, ಹೊಸನಗರಗಳ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡಗಳು ಹೊರಡುತ್ತವೆ. ಊರಿನ ದೇವರ ಮುಂದೆ ಹೊತ್ತಿಸಿದ ದೀಪವನ್ನು ಗಾಳಿಗೆ ಆರದಂತೆ ಕಾಪಾಡಿಕೊಂಡು, ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ಸಾಗುವುದು ಅವರ ಪದ್ಧತಿ. ಇಬ್ಬರು ಒಂದು ಸೊಲ್ಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಂಬಾಲಿಸುತ್ತಾರೆ. ನಡುರಾತ್ರಿಯಾಗಿರಲಿ, ಬೆಳಗಿನ ಜಾವವಾಗಿರಲಿ, ಹಾಡು ಕೇಳಿಸಿದೊಡನೆ ಮನೆಯವರು ಎದ್ದು ಬಾಗಿಲು ತೆರೆಯುತ್ತಾರೆ. ದೀಪಕ್ಕೆ ಎಣ್ಣೆಯೆರೆದು, ಅಕ್ಕಿಯನ್ನೋ ಹಣವನ್ನೋ ಕೊಟ್ಟು ಕಳುಹಿಸುತ್ತಾರೆ. ಮಳೆಗಾಲದಲ್ಲಿ ಬಯಲಾಟ ನಿಂತಾಗ ಮನೆಯ ಜಗಲಿಯೇ ತಾಳಮದ್ದಳೆಯ ಕೂಟಕ್ಕೆ ರಂಗವಾಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು ಇಷ್ಟರಿಂದಲೇ ಕುರುಕ್ಷೇತ್ರವೋ ಲಂಕೆಯೋ ಮಾಡಿನ ಕೆಳಗೆ ಇಳಿದು ಬರುತ್ತಿತ್ತು. ಬಯಲುಸೀಮೆಗೆ ಹತ್ತಿರವಾದ ಊರುಗಳಿಗೆ ಹೆಳವರು ಬಂದು ಒಕ್ಕಲು ಮನೆಗಳ ವಂಶಾವಳಿಯನ್ನು ಒಪ್ಪಿಸುತ್ತಿದ್ದರು. ಕಿನ್ನರಿ ಜೋಗಿಗಳು ಬಾಗಿಲಲ್ಲಿ ನಿಂತು ಭಾರತದ ಕಥೆ ಹಾಡುತ್ತಿದ್ದರು. ಬೀಸುವ ಕಲ್ಲಿನ ಮುಂದೆಯೂ ಮದುವೆಯ ಹಸೆಯ ಮುಂದೆಯೂ ಹೆಂಗಸರು ಹಾಡಿದ ಹಾಡುಗಳಂತೂ ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಬೆಳೆದವು. ಹಾಗಿರುವಾಗ, ಮನೆಯಲ್ಲಿ ಕುಳಿತು ಹಾಡು ಕೇಳುವುದನ್ನು ಕಲೆಗೆ ಬಗೆದ ದ್ರೋಹವೆನ್ನುವುದು ಎಷ್ಟು ಸರಿ? ಹಿಂದಿಗೂ ಇಂದಿಗೂ ಇರುವ ಅಂತರ ಬೇರೆಯದು. ಅಂದು ದನಿಯೊಂದಿಗೆ ಮನುಷ್ಯನೂ ಬರುತ್ತಿದ್ದ; ಇಂದು ದನಿಯೊಂದೇ ಬರುತ್ತದೆ.

ದನಿಯೊಂದೇ ಬರುವುದು ಅಲ್ಪ ಲಾಭವೆಂದು ತಿಳಿಯಬಾರದು. ಅದಿಲ್ಲದ ಕಾಲದಲ್ಲಿ ಏನೇನು ಕಳೆದುಹೋಯಿತೆಂಬುದನ್ನು ಶಿಕಾರಿಪುರದ ನೆಲವೇ ತೋರಿಸಿಕೊಡುತ್ತದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬದ ಮೇಲೆ, ಐದನೆಯ ಶತಮಾನದ ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಮಯೂರಶರ್ಮನ ಕಥೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದಿಟ್ಟಿದ್ದಾನೆ. ಕಥೆ ಉಳಿಯಿತು, ಅದನ್ನು ಅಂದು ಯಾರು ಯಾವ ಏರಿಳಿತದಲ್ಲಿ ಓದಿ ಹೇಳಿದರೋ ಅದು ಉಳಿಯಲಿಲ್ಲ. ಅಲ್ಲಮಪ್ರಭು ಬಳ್ಳಿಗಾವಿಯವನೆಂದೂ, ಶರಣನಾಗುವ ಮುನ್ನ ಮದ್ದಳೆ ಬಾರಿಸುವುದರಲ್ಲಿ ನಿಪುಣನಾಗಿದ್ದನೆಂದೂ ಪ್ರತೀತಿಯಿದೆ. ಆತನ ವಚನಗಳು ಓಲೆಗರಿಗಳ ಮೇಲೆ ಬದುಕಿ ಬಂದವು; ಆ ಮದ್ದಳೆಯ ಒಂದು ಪೆಟ್ಟೂ ಬದುಕಲಿಲ್ಲ. ಅಕ್ಕಮಹಾದೇವಿಯ ಹುಟ್ಟೂರೆನ್ನುವ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಆಕೆಯ ವಚನಗಳನ್ನು ಶಾಲೆಯ ಮಕ್ಕಳೂ ಬಲ್ಲರು, ಆಕೆಯ ದನಿಯನ್ನು ಬಲ್ಲವರು ಯಾರೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಸ್ಥಿತಿ ಹಾಗಾಗಲಿಲ್ಲ. ೧೯೧೦ರಲ್ಲಿ ಹುಟ್ಟಿ ೧೯೯೨ರಲ್ಲಿ ತೀರಿಕೊಂಡ ಆ ಮಹಾಗಾಯಕರು ಹಾಡಿದ ವಚನಗಳನ್ನು ಉಡುತಡಿಯ ಮನೆಯೊಂದರಲ್ಲಿ ಈ ಸಂಜೆಯೂ ಕೇಳಬಹುದು. ಹಾಡಿದಾತ ಇಲ್ಲವಾದ ಮೇಲೂ ಹಾಡು ಅದೇ ಉಸಿರಿನೊಂದಿಗೆ ಉಳಿಯುತ್ತದೆಂಬುದು ಮನುಷ್ಯಕುಲದ ಇತಿಹಾಸದಲ್ಲಿ ಕೇವಲ ನೂರೈವತ್ತು ವರ್ಷಗಳ ವಿದ್ಯಮಾನ. ಎಡಿಸನ್ ತನ್ನ ಫೋನೋಗ್ರಾಫನ್ನು ನಿರ್ಮಿಸಿದ್ದು ೧೮೭೭ರಲ್ಲಿ.

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಆರಂಭವಾದದ್ದು ೧೯೦೨ರಲ್ಲಿ, ಕಲ್ಕತ್ತೆಯಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನ ಮುಂದೆ ಹಾಡಿದ ಪ್ರಸಿದ್ಧರಲ್ಲಿ ಗೌಹರ್ ಜಾನ್ ಮೊದಲಿಗಳು. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ಅಚ್ಚು ಹಾಕಿಸಿ ಪ್ರಕಟಿಸಿದ ಸಂಪುಟ ಹೊರಬಂದದ್ದೂ ಅದೇ ೧೯೦೨ರಲ್ಲಿ ಎಂಬುದು ಒಂದು ಸೊಗಸಾದ ಕಾಕತಾಳೀಯ: ಬಳ್ಳಿಗಾವಿಯ ಕಲ್ಲಿನ ಮಾತು ಕಾಗದಕ್ಕೆ ಇಳಿದ ವರ್ಷದಲ್ಲೇ ಹಾಡುಗಾರ್ತಿಯ ಕಂಠ ತಟ್ಟೆಗೆ ಇಳಿಯಿತು. ಆ ತಟ್ಟೆಗಳ ಮುಖ್ಯ ಸಾಮಗ್ರಿ ಅರಗು. ಭಾರತದ ಕಾಡುಮರಗಳ ಮೇಲೆ ಒಂದು ಪುಟ್ಟ ಕೀಟ ಸುರಿಸುವ ಅಂಟು. ನಿಮಿಷಕ್ಕೆ ಸುಮಾರು ೭೮ ಸುತ್ತು ತಿರುಗುವ ತಟ್ಟೆಯ ಒಂದು ಮುಖದಲ್ಲಿ ಮೂರು ಮೂರೂವರೆ ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕಾಗಿ ಬಂದಾಗ ಹಿರಿಯ ವಿದ್ವಾಂಸರಲ್ಲಿ ಅನೇಕರು ಮುಖ ಸಿಂಡರಿಸಿದರು. ಗೌಹರ್ ಜಾನ್ ಹಾಗೆ ಮಾಡಲಿಲ್ಲ. ಆ ಅಲ್ಪಾವಧಿಯಲ್ಲೇ ಆಲಾಪ, ಬಂದಿಶ್, ತಾನುಗಳನ್ನು ಅಡಕಗೊಳಿಸಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ಹಾಡು ಯಾರದೆಂದು ಅಲ್ಲಿಯವರಿಗೆ ತಿಳಿಯಬೇಡವೆ? ಆ ಗಾಯಕಿ ತನ್ನ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು, ೧೯೩೦ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳೆಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ.

ತಟ್ಟೆಯೂ ಅದನ್ನು ನುಡಿಸುವ ಪೆಟ್ಟಿಗೆಯೂ ಉಳ್ಳವರ ಸೊತ್ತಾಗಿದ್ದವು. ಸಾಮಾನ್ಯರ ಮನೆಗೆ ದನಿಯನ್ನು ತಂದದ್ದು ರೇಡಿಯೋ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ದೊರೆತ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಸಂದಿತು. ೧೯೬೫ರಲ್ಲಿ ಭದ್ರಾವತಿ ಕೇಂದ್ರ ಆರಂಭವಾದ ಮೇಲೆ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಗೆ ತಮ್ಮದೇ ಎನ್ನಬಹುದಾದ ದನಿ ದೊರೆಯಿತು. ಶಿವಮೊಗ್ಗೆಯ ಬಳಿ ತುಂಗಾನದಿಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಹೊಸಹಳ್ಳಿಯು ಗಮಕಕ್ಕೆ ಹೆಸರಾದುದು. ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುವುದು, ಮತ್ತೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುವುದು ಗಮಕದ ಕ್ರಮ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಕೊನೆಯಲ್ಲಿ ಅವರು ಕಾಲವಾದರು. ಅವರ ವಾಚನದ ಧ್ವನಿಮುದ್ರಿಕೆಗಳು ಉಳಿದಿವೆ. ಕುಮಾರವ್ಯಾಸನನ್ನು ಪುಸ್ತಕದಲ್ಲಿ ಓದಲು ಎಡವುವ ವಿದ್ಯಾರ್ಥಿಯು ಅವನ್ನೊಮ್ಮೆ ಕೇಳಿದರೆ, ಆ ಷಟ್ಪದಿಯ ಪದಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಕೂಡುತ್ತವೆ ಎಂಬುದು ತಾನಾಗಿ ತಿಳಿದುಬರುತ್ತದೆ. ಟಿಪ್ಪಣಿಯ ಹತ್ತು ಪುಟಗಳು ಮಾಡಲಾರದ ಕೆಲಸವನ್ನು ಒಳ್ಳೆಯ ವಾಚನದ ಹತ್ತು ನಿಮಿಷಗಳು ಮಾಡಬಲ್ಲವು.

ರೇಡಿಯೋದಿಂದ ಆದ ಇನ್ನೊಂದು ಉಪಕಾರವನ್ನು ಮರೆಯಲಾಗದು. ರಾತ್ರಿಯ ಬಯಲಾಟಕ್ಕೆ ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿರಲಿಲ್ಲ. ಎಳೆಗೂಸಿನ ತಾಯಂದಿರು, ಸೊಸೆಯಂದಿರು, ನಡೆಯಲಾರದ ಮುದುಕರು, ಹಟ್ಟಿಯ ದನಕರುಗಳನ್ನು ಬಿಟ್ಟು ಹೋಗಲಾಗದವರು ಆಟದ ಕಥೆಯನ್ನು ಮರುದಿನ ಇತರರ ಬಾಯಿಂದ ಕೇಳಿ ತೃಪ್ತಿಪಡಬೇಕಾಗಿತ್ತು. ಕೆಲವು ಕಡೆ ಜಾತಿಯ ಕಾರಣದಿಂದ ಅಂಗಳದ ಅಂಚಿನಲ್ಲಿ, ಬೇಲಿಯಾಚೆ ನಿಂತು ಕೇಳಬೇಕಾದವರೂ ಇದ್ದರು. ಬಾನುಲಿಗೆ ಬೇಲಿಯಿರಲಿಲ್ಲ. ಹಳೆಯ ಬಯಲನ್ನು ಹೊಗಳುವವರು ಆ ಬೇಲಿಯನ್ನೂ ಒಂದಿಷ್ಟು ನೆನೆಯುವುದು ಒಳ್ಳೆಯದು.

ಆಮೇಲೆ ಬಂದದ್ದು ಧ್ವನಿಸುರುಳಿ. ಫಿಲಿಪ್ಸ್ ಸಂಸ್ಥೆಯು ೧೯೬೩ರಲ್ಲಿ ಹೊರತಂದ ಈ ಪುಟ್ಟ ಕ್ಯಾಸೆಟ್ಟು ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕರ್ನಾಟಕದ ಊರೂರಿಗೆ ಹಬ್ಬಿತು. ಒಂದು ಕಾಲದಲ್ಲಿ ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ವೆಂಬ ಧ್ವನಿಸುರುಳಿಯಾಗಿ ೧೯೭೮ರಲ್ಲಿ ಹೊರಬಂದಾಗ, ಕವಿತೆಯ ಪುಸ್ತಕವನ್ನು ಎಂದೂ ಮುಟ್ಟದ ಮನೆಗಳಿಗೆ ಕವಿತೆ ಪ್ರವೇಶಿಸಿತು. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಅಂಗಡಿ, ಹೋಟೆಲು, ಜಾತ್ರೆಯ ಬೀದಿಗಳಲ್ಲೆಲ್ಲ ಮೊಳಗಿದವು. ಗುಂಡ್ಮಿ ಕಾಳಿಂಗ ನಾವಡರ ಮಾತನ್ನಂತೂ ಇಲ್ಲಿ ಎತ್ತಲೇಬೇಕು. ೧೯೫೮ರಲ್ಲಿ ಹುಟ್ಟಿದ ಆ ಭಾಗವತರು ೧೯೯೦ರಲ್ಲಿ, ಮೂವತ್ತೆರಡರ ಹರೆಯದಲ್ಲಿ, ರಸ್ತೆ ಅಪಘಾತದಲ್ಲಿ ಮಡಿದರು. ಕ್ಯಾಸೆಟ್ಟಿಲ್ಲದಿದ್ದರೆ ಅವರು ಇಂದಿಗೆ ಕೇವಲ ಒಂದು ದಂತಕಥೆಯಾಗಿರುತ್ತಿದ್ದರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಕ್ಕಳು ಅವರ ಪದಗಳನ್ನು ಕೇಳಿ, ಇದು ನಾವಡರ ದನಿಯೆಂದು ಥಟ್ಟನೆ ಗುರುತಿಸುತ್ತಾರೆ. ಅಲ್ಲಮನ ಮದ್ದಳೆಗೆ ದೊರೆಯದ ಭಾಗ್ಯವಿದು.

ಇಷ್ಟೆಲ್ಲ ಹೇಳಿದ ಮೇಲೆ ಧ್ವನಿಮುದ್ರಿಕೆಯೇ ಸಾಕೆಂದು ಯಾರಾದರೂ ತೀರ್ಮಾನಿಸಿಬಿಟ್ಟರೆ, ಅವರು ಭೀಮಸೇನ ಜೋಶಿಯವರ ಬಾಲ್ಯದ ಕಥೆಯನ್ನು ತಿಳಿಯಬೇಕು. ಜೋಶಿಯವರು ೧೯೨೨ರಲ್ಲಿ ರೋಣದಲ್ಲಿ ಜನಿಸಿದರು, ಗದಗಿನಲ್ಲಿ ಬೆಳೆದರು. ಬಾಲಕನಾಗಿದ್ದಾಗ ಅಂಗಡಿಯೊಂದರ ಗ್ರಾಮಫೋನಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಜಿಂಜೋಟಿ ರಾಗದ ಠುಮ್ರಿಯನ್ನು ಕೇಳಿ ಮೈಮರೆತರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮೂರು ನಿಮಿಷದ ತಟ್ಟೆಯದು. ಆ ಮೂರು ನಿಮಿಷಗಳು ಅವರಲ್ಲಿ ಹುಟ್ಟಿಸಿದ್ದು ತೃಪ್ತಿಯನ್ನಲ್ಲ, ಹಸಿವನ್ನು. ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟು ಹೊರಟ. ರೈಲಿನಲ್ಲಿ ಹಾಡುತ್ತ, ಕೊಟ್ಟವರಿಂದ ಉಂಡು, ಗ್ವಾಲಿಯರ್, ಕಲ್ಕತ್ತೆ, ಜಲಂಧರಗಳೆಂದು ಗುರುವನ್ನು ಅರಸುತ್ತ ಅಲೆದ. ಕಡೆಗೆ ದೊರೆತ ಗುರು ಇದ್ದದ್ದು ಊರಿನ ಸಮೀಪದಲ್ಲೇ, ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ. ಆ ಗುರುಗಳು ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಅವರ ಮನೆಯಲ್ಲಿ ಸೇವೆ ಮಾಡುತ್ತ, ಒಂದೊಂದು ಸ್ವರವನ್ನು ಮತ್ತೆ ಮತ್ತೆ ಸಾಧನೆ ಮಾಡುತ್ತ ಜೋಶಿಯವರು ವಿದ್ಯೆ ಕಲಿತರು. ಮುಂದೆ ಅವರ ಮೊದಲ ಧ್ವನಿಮುದ್ರಿಕೆ ಹೊರಬಂತು. ಇಂದು ಅವರ ದನಿಯೂ ಯಾವುದೋ ಅಂಗಡಿಯಲ್ಲಿ, ಯಾವನೋ ಬಾಲಕನ ಕಿವಿಗೆ ಬೀಳುತ್ತಿರಬಹುದು. ತಟ್ಟೆಯು ಆ ಹುಡುಗನಿಗೆ ಸಂಗೀತವನ್ನು ಕಲಿಸಲಿಲ್ಲ. ಸಂಗೀತವಿರುವ ಮನೆಯ ಬಾಗಿಲನ್ನು ತೋರಿಸಿತು. ಮುಂದಿನ ಹೆಜ್ಜೆಗಳನ್ನು ಆತನೇ ಇಡಬೇಕಾಯಿತು. ಮನೆಯಲ್ಲಿ ಕೇಳುವ ಸಂಗೀತದಿಂದ ಸಲ್ಲಬೇಕಾದ ಅತ್ಯುತ್ತಮ ಕೆಲಸ ಇದೇ.

ಧ್ವನಿಮುದ್ರಿಕೆಗೆ ಮಿತಿಗಳಿವೆ, ಕೆಲವು ಯಂತ್ರದವು, ಕೆಲವು ಕಲೆಯವು. ಶಿಕಾರಿಪುರದ ಜಾತ್ರೆಯಲ್ಲಿ ಡೊಳ್ಳಿನವರು ಎದುರು ನಿಂತು ಬಾರಿಸಿದಾಗ ಆ ನಾದವನ್ನು ಕಿವಿ ಮಾತ್ರವಲ್ಲ, ಎದೆಗೂಡೂ ಕೇಳುತ್ತದೆ. ಮೊಬೈಲಿನಲ್ಲಿ ಅದೇ ಡೊಳ್ಳು ತಗಡಿನ ಡಬ್ಬಿಯನ್ನು ಬಡಿದಂತೆ ಕೇಳಿಸುವುದೇಕೆ? ಮಂದ್ರನಾದವನ್ನು ಹೊರಡಿಸಲು ಹೆಚ್ಚು ಗಾಳಿಯನ್ನು ನೂಕಬೇಕು. ಉಗುರಿನಷ್ಟಗಲದ ಸ್ಪೀಕರಿಗೆ ಆ ಶಕ್ತಿಯಿಲ್ಲ. ಸೆಕೆಂಡಿಗೆ ಕೆಲವು ನೂರು ಕಂಪನಗಳಿಗಿಂತ ಕೆಳಗಿನ ನಾದಗಳು ಅದರಲ್ಲಿ ಬಹುಪಾಲು ಸತ್ತುಹೋಗುತ್ತವೆ. ಮದ್ದಳೆಯ ಎಡಮುಖವೂ ತಂಬೂರಿಯ ಷಡ್ಜವೂ ಇದೇ ಗತಿಗೆ ಈಡಾಗುತ್ತವೆ. ಸಾಧಾರಣವಾದರೂ ತುಸು ದೊಡ್ಡ ಸ್ಪೀಕರೊಂದನ್ನು ಜೋಡಿಸಿ ಮನೆಮಂದಿಯೆಲ್ಲ ಕೂಡಿ ಕೇಳುವುದು, ಒಬ್ಬೊಬ್ಬರೂ ಕಿವಿಗೆ ಇಯರ್‌ಫೋನು ತುರುಕಿಕೊಂಡು ಮೂಲೆ ಹಿಡಿಯುವುದಕ್ಕಿಂತ ಎಷ್ಟೋ ಮೇಲು. ಕಿವಿಯ ಆರೋಗ್ಯದ ದೃಷ್ಟಿಯಿಂದಲೂ ಅದು ಹಿತಕರ. ವಯಸ್ಕರು ವಾರಕ್ಕೆ ನಲವತ್ತು ಗಂಟೆ ಕೇಳುವುದಾದರೆ ಶಬ್ದ ೮೦ ಡೆಸಿಬಲ್ಲನ್ನು ಮೀರಬಾರದೆಂದೂ, ಮಕ್ಕಳಿಗೆ ಮಿತಿ ೭೫ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಯಂತ್ರದ ಕೊರತೆಯನ್ನು ಒಳ್ಳೆಯ ಯಂತ್ರ ನೀಗಿಸೀತು. ಕಲೆಯ ಕೊರತೆ ಹಾಗಲ್ಲ. ತಾಳಮದ್ದಳೆಯ ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತುಗಳಿರುವುದಿಲ್ಲ. ಭಾಗವತರು ಪದ ಮುಗಿಸಿದೊಡನೆ ಆತ ಆ ಕ್ಷಣದಲ್ಲಿ ಮಾತನ್ನು ಕಟ್ಟಬೇಕು; ಎದುರಾಳಿ ಒಡ್ಡಿದ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕಬೇಕು. ೧೯೧೮ರಿಂದ ೨೦೦೬ರವರೆಗೆ ಬಾಳಿದ, ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿಯೋ ರಾವಣನಾಗಿಯೋ ಮಾತಿಗೆ ನಿಂತಾಗ ಸಭೆಯ ನಗು, ನಿಟ್ಟುಸಿರು, ಮೌನಗಳೂ ಆ ಮಾತಿನೊಳಗೆ ಸೇರಿಕೊಳ್ಳುತ್ತಿದ್ದವು. ಅವರ ಧ್ವನಿಮುದ್ರಿಕೆಗಳನ್ನು ಕೇಳುವವನಿಗೆ ಸಭೆ ನಕ್ಕದ್ದು ಕೇಳಿಸುತ್ತದೆ, ಆದರೆ ಆ ನಗೆಯಲ್ಲಿ ಅವನ ಪಾಲಿಲ್ಲ. ನೂರು ಬಾರಿ ಕೇಳಿದರೂ ವಾಲಿ ಅದೇ ಮಾತನ್ನೇ ಆಡುತ್ತಾನೆ. ರಂಗದ ವಾಲಿ ಎರಡು ರಾತ್ರಿ ಒಂದೇ ಬಗೆಯಾಗಿ ಸತ್ತವನಲ್ಲ.

೨೦೨೦ರ ಮಾರ್ಚಿಯಲ್ಲಿ ಕೋವಿಡ್ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಮಾತಿಗೆ ಪರೀಕ್ಷೆ ಒದಗಿತು. ಮೇಳಗಳ ತಿರುಗಾಟ ಮಳೆಗಾಲದವರೆಗೂ ನಡೆಯಬೇಕಾದದ್ದು ನಡುವೆಯೇ ಕಡಿದುಹೋಯಿತು, ಜಾತ್ರೆಗಳು ನಿಂತವು, ಕಲಾವಿದರು ಕೈಕಟ್ಟಿ ಕುಳಿತರು. ಆಗ ಯಕ್ಷಗಾನ, ತಾಳಮದ್ದಳೆ, ಸಂಗೀತ ಕಚೇರಿಗಳು ಅಂತರಜಾಲದ ನೇರ ಪ್ರಸಾರಕ್ಕೆ ಮೊರೆಹೊಕ್ಕವು. ಬರಿದಾದ ಸಭಾಂಗಣದಲ್ಲಿ ಕ್ಯಾಮರಾದ ಮುಂದೆ ಹಾಡುವುದು ಎಂತಹ ಕಷ್ಟವೆಂಬುದು ಹಾಡಿದವರಿಗೇ ಗೊತ್ತು. ಆದರೂ ಆ ಪ್ರಸಾರಗಳು ಮನೆಯೊಳಗೆ ಬಂಧಿಗಳಾಗಿದ್ದ ಅಸಂಖ್ಯರಿಗೆ ಧೈರ್ಯ ನೀಡಿದವು. ದುಬೈಯಲ್ಲೋ ಅಮೆರಿಕದಲ್ಲೋ ಇದ್ದ ಕನ್ನಡಿಗರು ಊರಿನವರೊಂದಿಗೆ ಒಂದೇ ಹೊತ್ತಿಗೆ ಒಂದೇ ಆಟವನ್ನು ನೋಡಿದರು. ನಿರ್ಬಂಧ ಸಡಿಲಿದಾಗ ಆದದ್ದೇನು? ಜನ ಮತ್ತೆ ಬಯಲಿಗೆ ಬಂದರು. ಮನೆಯ ದನಿ ಬಯಲನ್ನು ಕೊಲ್ಲುವುದಾಗಿದ್ದರೆ ಅದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ದೊರೆಯುತ್ತಿರಲಿಲ್ಲ.

ನಿಜವಾದ ಅಪಾಯವಿರುವುದು ಅರೆಕಿವಿಯ ಕೇಳುವಿಕೆಯಲ್ಲಿ. ಗ್ರಾಮಫೋನು ಇದ್ದ ಮನೆಯಲ್ಲಿ ಕೀಲಿ ಕೊಟ್ಟು, ಮುಳ್ಳು ಬದಲಿಸಿ, ತಟ್ಟೆಯನ್ನು ಒರೆಸಿ ಇಡುವಷ್ಟರಲ್ಲೇ ಮನಸ್ಸು ಕೇಳಲು ಸಿದ್ಧವಾಗುತ್ತಿತ್ತು. ರೇಡಿಯೋದ ಹರಿಕಥೆಗೆ ಹೊತ್ತು ಗೊತ್ತಿತ್ತು. ಅಷ್ಟರೊಳಗೆ ಕೆಲಸ ಮುಗಿಸಿ ಬಂದು ಕೂರಬೇಕಾಗಿತ್ತು. ಇಂದು ಯಾವ ಸಿದ್ಧತೆಯೂ ಬೇಡ, ಯಾವ ಕಾಯುವಿಕೆಯೂ ಇಲ್ಲ. ೨೦೧೬ರ ಬಳಿಕ ಅಗ್ಗವಾದ ಇಂಟರ್‌ನೆಟ್ ಹಾಡನ್ನು ನಲ್ಲಿಯ ನೀರಿನಂತೆ ಮಾಡಿತು. ಪಲ್ಲವಿ ಕೇಳಿ ಚರಣಕ್ಕೆ ಮುನ್ನ ಮುಂದಿನದಕ್ಕೆ ಹಾರುವವರೂ, ಮೂರು ಗಂಟೆಯ ಪ್ರಸಂಗದಿಂದ ಮೂವತ್ತು ಸೆಕೆಂಡಿನ ಕುಣಿತವನ್ನು ಕತ್ತರಿಸಿ ಅದನ್ನೇ ಯಕ್ಷಗಾನವೆಂದು ನಂಬುವವರೂ ಹೆಚ್ಚುತ್ತಿದ್ದಾರೆ. ಒಂದು ಹಾಡು ಮುಗಿದೊಡನೆ ಮತ್ತಾವುದನ್ನು ಕೇಳಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತದೆ. ಅದು ಬಹುಜನರು ಕೇಳಿದ್ದನ್ನೇ ಮತ್ತೆ ಮುಂದಿಡುವುದರಿಂದ ಸೊರಬದ ಹುಡುಗನಿಗೆ ಅಂಟಿಗೆ-ಪಂಟಿಗೆಯ ಹಾಡು ತಾನಾಗಿ ಎದುರಾಗುವ ಸಂಭವ ಕಡಿಮೆ. ಹುಡುಕಿದವರಿಗೆ ಸಿಕ್ಕೀತು. ವಾರಕ್ಕೆ ಒಂದು ಸಂಜೆಯಾದರೂ ಮನೆಯವರೆಲ್ಲ ಕುಳಿತು ಒಂದು ರಾಗವನ್ನೋ ಒಂದು ಪ್ರಸಂಗವನ್ನೋ ಮೊದಲಿನಿಂದ ಕೊನೆಯವರೆಗೆ ಕೇಳುವ ಅಭ್ಯಾಸ ಮಾಡಿಕೊಂಡರೆ, ನಡುವೆ ಅಜ್ಜನೋ ಅಜ್ಜಿಯೋ ತಾವು ಕಂಡ ಆಟದ ವಿಷಯ ತೆಗೆದು ಮಾತನ್ನು ಬೆಳೆಸಿದರೆ, ಆ ಮನೆ ಜಗಲಿಯ ಕೂಟಕ್ಕೆ ತೀರ ದೂರವೇನೂ ಆಗಿರುವುದಿಲ್ಲ.

ಇನ್ನು ಕೋಡಿಯಮಠದವರು ಮರೆಯದಿದ್ದ ಅನ್ನದ ಪ್ರಶ್ನೆ. ರೇಡಿಯೋ ಇಟ್ಟುಕೊಂಡ ಮನೆಯವರು ೧೯೮೦ರ ದಶಕದವರೆಗೆ ಪ್ರತಿವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದರು. ಆಕಾಶವಾಣಿಯು ಕಲಾವಿದರನ್ನು ಪರೀಕ್ಷಿಸಿ, ಶ್ರೇಣಿ ನೀಡಿ, ಹಾಡಿದ್ದಕ್ಕೆ ಸಂಭಾವನೆ ಕೊಡುತ್ತಿತ್ತು, ಇಂದಿಗೂ ಕೊಡುತ್ತದೆ. ಕ್ಯಾಸೆಟ್ಟಿಗೆ ಬೆಲೆಯಿತ್ತು. ಇಂದಿನ ಬಹುಪಾಲು ಕೇಳುಗರು ತಾವು ಕೇಳುವ ಹಾಡಿಗೆ ಏನನ್ನೂ ತೆರುವುದಿಲ್ಲ. ಜಾಹೀರಾತಿನಿಂದ ಬಂದ ಹಣದಲ್ಲಿ ಹಾಡಿನ ಹಕ್ಕುದಾರರಿಗೆ ಒಂದು ಬಾರಿಯ ಕೇಳುವಿಕೆಗೆ ಸಲ್ಲುವ ಪಾಲು ಒಂದು ರೂಪಾಯಿಗಿಂತ ಬಹಳ ಕಡಿಮೆ. ಸಿನಿಮಾ ಹಾಡಿಗೆ ಕೋಟಿ ಕೇಳುಗರಿರುವುದರಿಂದ ಆ ಚಿಲ್ಲರೆಯೂ ರಾಶಿಯಾಗುತ್ತದೆ. ಗಮಕಿಗೆ, ಕಿನ್ನರಿ ಜೋಗಿಗೆ ಕೋಟಿ ಕೇಳುಗರು ಎಲ್ಲಿಂದ ಬರಬೇಕು? ಎಷ್ಟೋ ವೇಳೆ ಆಟವನ್ನು ಯಾರೋ ಚಿತ್ರಿಸಿಕೊಂಡು, ಯಾರೋ ಪ್ರಸಾರ ಮಾಡಿ, ಬಂದ ಲಾಭವನ್ನು ಯಾರೋ ಉಣ್ಣುತ್ತಾರೆ. ರಾತ್ರಿಯಿಡೀ ಗಂಟಲು ಹರಿದುಕೊಂಡವನಿಗೆ ತಾನು ಪ್ರಸಾರವಾದ ಸುದ್ದಿಯೂ ತಿಳಿಯದು. ಆದುದರಿಂದ ಮನೆಯಲ್ಲಿ ಕೇಳಿ ಸಂತೋಷಪಟ್ಟವನು ಆ ಕಲಾವಿದ ತನ್ನ ಊರ ಕಡೆಗೆ ಬಂದಾಗ ಟಿಕೆಟು ಕೊಂಡು ಹೋಗಿ ಕೂರುವುದು ದಾನವಲ್ಲ, ಬಾಕಿಯ ಸಂದಾಯ. ದೀಪಕ್ಕೆ ಎಣ್ಣೆಯೆರೆಯದೆ ಅಂಟಿಗೆ-ಪಂಟಿಗೆಯವರನ್ನು ಬಾಗಿಲಿನಿಂದ ಕಳುಹಿಸಿದ ಮನೆಯನ್ನು ಊರು ಮೆಚ್ಚುತ್ತಿರಲಿಲ್ಲ.

ಕಟ್ಟಕಡೆಗೆ, ಮುದ್ರಣವಾಗದೆ ಉಳಿದಿರುವ ದನಿಗಳ ವಿಷಯ. ಮನ್ಸೂರರದು, ಜೋಶಿಯವರದು, ನಾವಡರದು ಉಳಿದುಕೊಂಡಿತು. ಸೊರಬದ ಹಳ್ಳಿಯೊಂದರಲ್ಲಿ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡನ್ನು ಬಲ್ಲ ಮುದುಕಿಯ ದನಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಆಕೆಯ ಮೊಮ್ಮಗಳ ಕೈಯಲ್ಲಿರುವ ಯಂತ್ರವು ಗೈಸ್‌ಬರ್ಗ್ ಹಡಗಿನಲ್ಲಿ ಹೊತ್ತು ತಂದ ಪೆಟ್ಟಿಗೆಗಳೆಲ್ಲಕ್ಕಿಂತ ಸಮರ್ಥವಾದುದು. ಅದಕ್ಕೆ ಮೂರು ನಿಮಿಷದ ಕಟ್ಟೂ ಇಲ್ಲ. ಹೀಗಿದ್ದೂ ಆ ಯಂತ್ರದಲ್ಲಿ ಊರಾಚೆಯ ಸಾವಿರ ಹಾಡುಗಳಿರುತ್ತವೆ, ಅಜ್ಜಿಯ ಹಾಡೊಂದಿರುವುದಿಲ್ಲ. ಇದಕ್ಕೆ ಪರಿಹಾರ ದುಬಾರಿಯದಲ್ಲ. ಅಜ್ಜಿಯ ಒಪ್ಪಿಗೆ ಪಡೆದು, ಬೀಸಣಿಗೆಯ ಸದ್ದು, ಟಿ.ವಿ.ಯ ಗದ್ದಲಗಳಿಲ್ಲದ ಹೊತ್ತಿನಲ್ಲಿ, ಬಾಯಿಂದ ಒಂದು ಮೊಳ ದೂರದಲ್ಲಿ ಮೊಬೈಲನ್ನಿಟ್ಟು ಹಾಡಿಸಬೇಕು. ಮರೆತ ಸಾಲನ್ನು ನೆನೆಯಲು ಸಮಯ ಕೊಡಬೇಕು. ಆ ಹಾಡು ಯಾವ ಶಾಸ್ತ್ರದ್ದು, ಯಾರಿಂದ ಕಲಿತದ್ದು ಎಂಬುದನ್ನು ಕೇಳಿ ಬರೆದಿಡಬೇಕು. ಕೋಡಿಯಮಠದ ಶಾಸನ ಕಥೆಗಾರರಿಗೂ ಹಾಡುಗಾರರಿಗೂ ಅನ್ನವಿಟ್ಟದ್ದನ್ನು ಹೇಳುತ್ತದೆಯೇ ಹೊರತು ಅವರಲ್ಲಿ ಒಬ್ಬರ ಹೆಸರನ್ನೂ ಹೇಳುವುದಿಲ್ಲ. ಆದುದರಿಂದ ಹಾಡು ಮುಗಿದ ಮೇಲೆ ಯಂತ್ರವನ್ನು ಒಡನೆಯೇ ನಿಲ್ಲಿಸದೆ, ೧೯೦೨ರಲ್ಲಿ ಕಲ್ಕತ್ತೆಯ ಆ ಗಾಯಕಿ ಮಾಡಿದಂತೆ, ಅಜ್ಜಿಯಿಂದಲೇ ಅವಳ ಹೆಸರನ್ನೂ ಊ‌ರನ್ನೂ ಹೇಳಿಸಿಕೊಳ್ಳಬೇಕು.